ನೆಬ್ರಾಸ್ಕದ ಗರಡಿ: ಒಂದು ಕಾಲೇಜು ಫುಟ್‌ಬಾಲ್ ತಂಡವನ್ನು ಮತ್ತೆ ಕಟ್ಟಿದ ಬಗೆ

ದೈಹಿಕ ಶಿಕ್ಷಣದ ವಿದ್ಯಾರ್ಥಿಗಳು ಹಾಗೂ ತರಬೇತುದಾರರ ಮುಂದೆ ಮಾಡಿದ ಉಪನ್ಯಾಸವನ್ನು ತಿದ್ದಿ ಬರೆದ ರೂಪ

ಮಾನ್ಯರೇ,

ತಂಡವೊಂದನ್ನು ತಳದಿಂದ ಕಟ್ಟುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ನಾನು ಕಬಡ್ಡಿಯನ್ನೋ ಹಾಕಿಯನ್ನೋ ಎತ್ತಿಕೊಳ್ಳುತ್ತೇನೆಂದು ಅವರು ಎಣಿಸಿದ್ದಿರಬೇಕು. ನಾನು ಎತ್ತಿಕೊಂಡಿರುವುದು ಅಮೆರಿಕದ ನೆಬ್ರಾಸ್ಕ ರಾಜ್ಯದ ಲಿಂಕನ್ ನಗರದಲ್ಲಿರುವ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು. ಭಾರ ಎತ್ತುವ ತಾಲೀಮು, ಊರೂರು ಅಲೆದು ಆಟಗಾರರನ್ನು ಆರಿಸಿ ತರುವ ಕೆಲಸ, ಯಾರೂ ಕರೆಯದಿದ್ದರೂ ತಾವಾಗಿ ಬಂದು ಸೇರಿದ ಹುಡುಗರು, ಈ ಮೂರೂ ಒಂದರ ಕೊರತೆಯನ್ನು ಇನ್ನೊಂದು ತುಂಬುವ ಹಾಗೆ ಹೆಣೆದುಕೊಂಡದ್ದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಬೇರೆ ತಂಡ ನನಗೆ ಕಂಡಿಲ್ಲ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಇಲ್ಲವೇ ಎಸೆಯುತ್ತ, 100 ಗಜದ ಮೈದಾನದ ಆಚೆಯ ಗೆರೆಯನ್ನು ದಾಟಿಸಬೇಕು. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಹೋಗಲಾಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಮೈದಾನದಲ್ಲಿ ಒಂದು ಕಡೆಗೆ 11 ಮಂದಿಯಾದರೂ ದಾಳಿಗೆ ಬೇರೆ ತಂಡ, ರಕ್ಷಣೆಗೆ ಬೇರೆ ತಂಡ, ಚೆಂಡನ್ನು ಒದೆಯುವ ಸಂದರ್ಭಕ್ಕೆ ಮತ್ತೊಂದು ತಂಡ ಇರುವುದರಿಂದ, ಮತ್ತು ಪ್ರತಿ ಯತ್ನದಲ್ಲೂ ದೇಹಕ್ಕೆ ದೇಹ ಡಿಕ್ಕಿ ಹೊಡೆಯುವುದರಿಂದ, ಈ ಆಟಕ್ಕೆ ಬೇಕಾಗುವ ಜನರ ಸಂಖ್ಯೆ ದೊಡ್ಡದು. ಪ್ರೌಢಶಾಲೆ ಮುಗಿಸುತ್ತಿರುವ ಪ್ರತಿಭಾವಂತರ ಮನೆಗೇ ಹೋಗಿ, ತಂದೆತಾಯಿಯರ ಜೊತೆ ಕೂತು ಮಾತನಾಡಿ, ಶುಲ್ಕ, ವಸತಿ, ಊಟ ಎಲ್ಲವನ್ನೂ ಒಳಗೊಂಡ ವಿದ್ಯಾರ್ಥಿವೇತನ ಕೊಟ್ಟು ಕರೆತರುವುದಕ್ಕೆ ರಿಕ್ರೂಟಿಂಗ್ ಎನ್ನುತ್ತಾರೆ. ಆ ವೇತನ ಸಿಗದೆ, ತನ್ನ ಶುಲ್ಕವನ್ನು ತಾನೇ ಕಟ್ಟಿಕೊಂಡು, ‘ನನಗೂ ಒಂದು ಅವಕಾಶ ಕೊಡಿ’ ಎಂದು ಮೈದಾನಕ್ಕೆ ಬರುವವನು ವಾಕ್-ಆನ್.

ಇನ್ನು ನೆಬ್ರಾಸ್ಕ. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕಕ್ಕಿಂತ ತುಸು ದೊಡ್ಡದು. ಆದರೆ 1971ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 2.93 ಕೋಟಿ ಜನರಿದ್ದರೆ, 1970ರಲ್ಲಿ ಅಲ್ಲಿದ್ದವರು 15 ಲಕ್ಷಕ್ಕಿಂತಲೂ ಕಡಿಮೆ. ಅದೇ ವರ್ಷ ಟೆಕ್ಸಾಸ್‌ನಲ್ಲಿ 1.12 ಕೋಟಿ ಜನರಿದ್ದರು. ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳದ ಹೊಲಗಳು, ದನಗಳ ಹುಲ್ಲುಗಾವಲು, ನಡುನಡುವೆ ಕೆಲವೇ ನೂರು ಜನರ ಊರುಗಳು. ತಂಡಕ್ಕೆ ಕಾರ್ನ್‌ಹಸ್ಕರ್ಸ್ ಎಂಬ ಹೆಸರು ಬಂದದ್ದೂ ಜೋಳದ ಮುಸುಕು ಬಿಡಿಸುವ ಕೆಲಸದಿಂದಲೇ. ಇಂಥ ಕಡೆ ಪ್ರತಿವರ್ಷ ಹುಟ್ಟಿಬರುವ ಸಹಜ ಪ್ರತಿಭೆಗಳನ್ನು ಬೆರಳಲ್ಲೇ ಎಣಿಸಬಹುದು. ಆದರೆ ಒಂದು ಅನುಕೂಲವೂ ಇತ್ತು. ಇಡೀ ರಾಜ್ಯದಲ್ಲಿ ವೃತ್ತಿಪರ ಫುಟ್‌ಬಾಲ್ ತಂಡವಿಲ್ಲ, ಇದಕ್ಕೆ ಸರಿಗಟ್ಟುವ ಇನ್ನೊಂದು ವಿಶ್ವವಿದ್ಯಾಲಯದ ತಂಡವೂ ಇಲ್ಲ. ಹೀಗಾಗಿ ಮೂಲೆಮೂಲೆಯ ಹುಡುಗರು ಕನಸು ಕಾಣುತ್ತಿದ್ದುದು ಒಂದೇ ಕೆಂಪು ಅಂಗಿಯನ್ನು.

1957ರಿಂದ 1961ರವರೆಗಿನ ಐದು ವರ್ಷಗಳಲ್ಲಿ ಆ ಕೆಂಪು ಅಂಗಿಯ ತಂಡ ಗೆದ್ದದ್ದು 15 ಪಂದ್ಯಗಳನ್ನು, ಸೋತದ್ದು 34ನ್ನು. 1962ರಲ್ಲಿ ವಯೋಮಿಂಗ್‌ನಿಂದ ಬಾಬ್ ಡೆವಾನಿ ಎಂಬ ಹಾಸ್ಯಪ್ರವೃತ್ತಿಯ ತರಬೇತುದಾರರು ಬಂದರು. ಹಿಂದಿನವರು ಆರಿಸಿ ತಂದಿದ್ದ ಹುಡುಗರನ್ನೇ ಇಟ್ಟುಕೊಂಡು ಮೊದಲ ವರ್ಷವೇ 9 ಪಂದ್ಯ ಗೆದ್ದು, ಡಿಸೆಂಬರ್ ಚಳಿಯಲ್ಲಿ ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ನಡೆದ ಗೋಥಮ್ ಬೌಲ್ ಪಂದ್ಯದಲ್ಲಿ (ಋತು ಮುಗಿದ ಮೇಲೆ ಆಯ್ದ ತಂಡಗಳನ್ನು ಕರೆದು ಆಡಿಸುವ ಪಂದ್ಯಕ್ಕೆ ಬೌಲ್ ಎನ್ನುತ್ತಾರೆ) ಮಯಾಮಿ ತಂಡವನ್ನು 36–34ರಿಂದ ಸೋಲಿಸಿದರು. ಆ ಪಂದ್ಯ ನೋಡಲು ಬಂದಿದ್ದವರು 6,166 ಮಂದಿ ಮಾತ್ರ. ಲಿಂಕನ್‌ನಲ್ಲಿ ಮಾತ್ರ ಕಥೆ ಬೇರೆಯಾಗಿತ್ತು. 1962ರ ನವೆಂಬರ್ 3ರಂದು ಅಲ್ಲಿನ ಮೆಮೋರಿಯಲ್ ಕ್ರೀಡಾಂಗಣದ ಟಿಕೆಟ್‌ಗಳು ಪೂರ್ತಿ ಮಾರಾಟವಾದವು. ಅಂದು ಆರಂಭವಾದ ಆ ಸರಣಿ 400 ಪಂದ್ಯಗಳನ್ನು ದಾಟಿ ಇಂದಿಗೂ ಮುರಿದಿಲ್ಲ.

ಆದರೆ ಹೊಸ ತರಬೇತುದಾರ ತರುವ ಹುಮ್ಮಸ್ಸು ಕೆಲವು ವರ್ಷಗಳ ಬಂಡವಾಳ ಮಾತ್ರ. 1967 ಮತ್ತು 1968ರಲ್ಲಿ ತಂಡ ತಲಾ 6 ಪಂದ್ಯ ಗೆದ್ದು 4 ಸೋತಿತು. 1968ರ ಕೊನೆಯ ಪಂದ್ಯದಲ್ಲಿ ಒಕ್ಲಹೋಮ ತಂಡ 47–0ರಿಂದ ಬಗ್ಗುಬಡಿಯಿತು. ಡೆವಾನಿ ಅವರನ್ನು ತೆಗೆದುಹಾಕಬೇಕೆಂಬ ಕೂಗೂ ಎದ್ದಿತು. ನಾನು ‘ಮತ್ತೆ ಕಟ್ಟುವುದು’ ಎಂದು ಕರೆಯುತ್ತಿರುವುದು ಇಲ್ಲಿಂದ ಮುಂದಿನದನ್ನು. ಡೆವಾನಿ ತಮ್ಮ ಸಹಾಯಕರಲ್ಲಿ ಒಬ್ಬರಾದ, ಶೈಕ್ಷಣಿಕ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಿದ್ದ ಟಾಮ್ ಆಸ್ಬೋರ್ನ್ ಎಂಬ ಮಿತಭಾಷಿಗೆ ದಾಳಿಯ ವಿಧಾನವನ್ನು ಹೊಸದಾಗಿ ರೂಪಿಸುವ ಕೆಲಸ ಒಪ್ಪಿಸಿದರು. ಆಸ್ಬೋರ್ನ್ ಅದನ್ನು ಮಾಡಿದ್ದಷ್ಟೇ ಅಲ್ಲದೆ ಇನ್ನೊಂದು ಕಡೆಗೂ ಕಣ್ಣು ಹಾಯಿಸಿದರು.

ವಿಶ್ವವಿದ್ಯಾಲಯದ ಕ್ರೀಡಾಭವನದಲ್ಲಿ ಭಾರ ಎತ್ತಲು ಒಂದು ಸಣ್ಣ ಕೋಣೆ ಇತ್ತು. ಅದನ್ನು ಬಳಸುತ್ತಿದ್ದವರು ಬಹುತೇಕ ಗಾಯಾಳುಗಳು. ಅರಿಜೋನಾದಿಂದ ಬಂದಿದ್ದ ಬಾಯ್ಡ್ ಎಪ್ಲಿ ಎಂಬ ಪೋಲ್‌ವಾಲ್ಟ್ ಆಟಗಾರ ಬೆನ್ನಿಗೆ ಪೆಟ್ಟು ಮಾಡಿಕೊಂಡು ಅಲ್ಲಿ ತನ್ನ ಪಾಡಿಗೆ ತಾನು ಭಾರ ಎತ್ತುತ್ತಿದ್ದ. ಅದೇ ಕೋಣೆಗೆ ಬರುತ್ತಿದ್ದ ಗಾಯಗೊಂಡ ಫುಟ್‌ಬಾಲ್ ಆಟಗಾರರು ಅವನು ಮಾಡುವುದನ್ನು ನೋಡಿ ತಾವೂ ಮಾಡತೊಡಗಿದರು. ಆಸ್ಬೋರ್ನ್ ಗಮನಿಸಿದ ಸಂಗತಿ ಒಂದೇ: ಗಾಯವಾಗಿ ಹೊರಗೆ ಹೋದ ಹುಡುಗರು ಮೊದಲಿಗಿಂತ ಗಟ್ಟಿಯಾಗಿ ವಾಪಸಾಗುತ್ತಿದ್ದರು. ಅವರು ಎಪ್ಲಿಯನ್ನು ಕರೆಸಿ, ಗಾಯಾಳುಗಳಿಗೆ ಮಾತ್ರವಲ್ಲ, ಇಡೀ ತಂಡಕ್ಕೆ ಈ ತಾಲೀಮು ಕೊಡಬಲ್ಲೆಯಾ ಎಂದು ಕೇಳಿದರು. ಗಂಟೆಗೆ ಎರಡು ಡಾಲರ್ ಸಂಬಳ. 1969ರ ಆಗಸ್ಟ್‌ನಲ್ಲಿ ಕೆಲಸ ಶುರುವಾಯಿತು.

ಡೆವಾನಿ ಅವರಿಗೆ ಇದರಲ್ಲಿ ಅಷ್ಟು ನಂಬಿಕೆಯಿರಲಿಲ್ಲ. ಎಪ್ಲಿ ಮುಂದೆ ಹಲವು ಬಾರಿ ಹೇಳಿಕೊಂಡಿರುವ ಪ್ರಕಾರ ಅವರು ಹಾಕಿದ ಷರತ್ತು ಇಷ್ಟೇ: ನಮ್ಮ ಹುಡುಗರಲ್ಲಿ ಒಬ್ಬನಾದರೂ ನಿಧಾನವಾದರೆ ನಿನ್ನ ಕೆಲಸ ಹೋಯಿತೆಂದು ತಿಳಿ. ಆ ಷರತ್ತಿನ ಹಿಂದೆ ಆ ಕಾಲದ ಎಲ್ಲ ತರಬೇತುದಾರರ ಭಯವಿತ್ತು. ಭಾರ ಎತ್ತಿದರೆ ಮೈ ಬಿಗಿದುಕೊಳ್ಳುತ್ತದೆ, ಓಟ ಕುಂದುತ್ತದೆ ಎಂದು ಬಹುತೇಕ ಎಲ್ಲರೂ ನಂಬಿದ್ದರು. ಈ ನಂಬಿಕೆಗೆ ದೇಶಭೇದವಿರಲಿಲ್ಲ. ನಾನು ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಿದ್ದಾಗ ನಮ್ಮ ಮೇಷ್ಟ್ರು ಭಾರದ ಕೋಣೆಯ ಕಡೆಗೆ ತಲೆ ಹಾಕಬೇಡಿ, ಎಗರುವುದು ಕಡಿಮೆಯಾಗುತ್ತದೆ ಎಂದು ಗದರುತ್ತಿದ್ದರು. ನಮ್ಮ ಗರಡಿಮನೆಯ ಪೈಲ್ವಾನರನ್ನು ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತು. ಗದೆ ತಿರುಗಿಸಿ, ಬಸ್ಕಿ ಹೊಡೆದು, ಕೆಮ್ಮಣ್ಣಿನ ಅಖಾಡದಲ್ಲಿ ಚಿರತೆಯಂತೆ ತಿರುಗುವವರನ್ನು ಅವರು ತಲೆಮಾರುಗಳಿಂದ ತಯಾರು ಮಾಡುತ್ತಿದ್ದರು. ಆದರೆ ಮೈದಾನದ ಮೇಷ್ಟ್ರು ಗರಡಿಯ ಕಡೆಗೆ ಹೋದವರಲ್ಲ, ಗರಡಿಯ ಉಸ್ತಾದರು ಮೈದಾನಕ್ಕೆ ಬಂದವರಲ್ಲ.

ಎಪ್ಲಿ ಮಾಡಿಸಿದ್ದು ಕನ್ನಡಿಯ ಮುಂದೆ ತೋಳು ಉಬ್ಬಿಸುವ ವ್ಯಾಯಾಮವನ್ನಲ್ಲ ಎಂಬುದನ್ನು ಒತ್ತಿ ಹೇಳಬೇಕು. ಭುಜದ ಮೇಲೆ ಭಾರ ಹೊತ್ತು ಕೂತೇಳುವ ಸ್ಕ್ವಾಟ್, ತೊಡೆಯ ಮಟ್ಟದಿಂದ ಒಂದೇ ಝಟಕೆಯಲ್ಲಿ ಭಾರವನ್ನು ಹೆಗಲಿಗೆ ತರುವ ಹ್ಯಾಂಗ್ ಕ್ಲೀನ್, ಇಂಥ ಇಡೀ ದೇಹವನ್ನು ಒಟ್ಟಿಗೆ ದುಡಿಸುವ ಎತ್ತುವಿಕೆಗಳು ಅವರ ಪದ್ಧತಿಯ ಜೀವಾಳವಾಗಿದ್ದವು. ಅದಕ್ಕಿಂತ ಹೆಚ್ಚು ನನ್ನ ಗಮನ ಸೆಳೆದದ್ದು ಅವರ ಅಳತೆಯ ಹುಚ್ಚು. 10 ಗಜದ ಓಟ, 40 ಗಜದ ಓಟ, ನಿಂತಲ್ಲಿಂದ ಮೇಲಕ್ಕೆ ಜಿಗಿತ, ಥಟ್ಟನೆ ದಿಕ್ಕು ಬದಲಿಸುವ ಓಟ, ಎಲ್ಲವನ್ನೂ ಅಳೆದು, ಬರೆದು, ದಾಖಲೆಗಳನ್ನು ಗೋಡೆಗೆ ಏರಿಸುತ್ತಿದ್ದರು. ಯಾರಾದರೂ ನಿಧಾನವಾದರೆ ಕೆಲಸ ಹೋಗುತ್ತದೆ ಎಂಬ ಷರತ್ತಿನ ಅಡಿಯಲ್ಲಿ ದುಡಿದವನಿಗೆ ಗಡಿಯಾರ ಹಿಡಿಯದೆ ಗತ್ಯಂತರವಿರಲಿಲ್ಲ ಎಂಬುದು ನನ್ನ ಊಹೆ. ಮುಂದೆ ದೇಹತೂಕವನ್ನೂ ಲೆಕ್ಕಕ್ಕೆ ಹಿಡಿದು ಅಂಕ ಕೊಡುವ ಕ್ರಮವನ್ನು ಅವರು ರೂಪಿಸಿದರು. 130 ಕಿಲೋ ತೂಗುವವನ 10 ಗಜದ ಓಟವನ್ನೂ 85 ಕಿಲೋದವನ ಓಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅದರಿಂದ ಸಾಧ್ಯವಾಯಿತು.

1969ರಲ್ಲಿ ತಂಡ 9 ಪಂದ್ಯ ಗೆದ್ದಿತು. 1970ರಲ್ಲಿ ಒಂದೂ ಸೋಲಿಲ್ಲದೆ, ಒಂದು ಡ್ರಾದೊಂದಿಗೆ ರಾಷ್ಟ್ರೀಯ ಚಾಂಪಿಯನ್ ಆಯಿತು. 1971ರಲ್ಲಿ 13ಕ್ಕೆ 13 ಗೆದ್ದು ಮತ್ತೆ ಚಾಂಪಿಯನ್ ಆಯಿತು. ಆ ವರ್ಷದ ನವೆಂಬರ್‌ನಲ್ಲಿ ಅದೇ ಒಕ್ಲಹೋಮವನ್ನು 35–31ರಿಂದ ಸೋಲಿಸಿದ ಪಂದ್ಯವನ್ನು ಅಮೆರಿಕನ್ನರು ಇಂದಿಗೂ ಶತಮಾನದ ಪಂದ್ಯಗಳ ಸಾಲಿನಲ್ಲಿಟ್ಟು ಮಾತನಾಡುತ್ತಾರೆ. ಇದೆಲ್ಲ ಭಾರ ಎತ್ತಿದ್ದರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಒಮಾಹಾದ ಜಾನಿ ರಾಜರ್ಸ್, ಗ್ರೀನ್ ಬೇಯ ಜೆರ್ರಿ ಟ್ಯಾಗಿ, ನ್ಯೂಜೆರ್ಸಿಯ ರಿಚ್ ಗ್ಲೋವರ್ ಅವರಂಥವರನ್ನು ಆರಿಸಿ ತಂದವರ ಕಣ್ಣು ಚುರುಕಾಗಿತ್ತು, ಆಸ್ಬೋರ್ನ್ ರೂಪಿಸಿದ ಹೊಸ ದಾಳಿಯೂ ಕೈಹಿಡಿದಿತ್ತು. ಆದರೆ ಕೇವಲ ಎರಡು ವರ್ಷಗಳ ಅಂತರದಲ್ಲಿ 47–0ರ ಸೋಲು ಚಾಂಪಿಯನ್ ಪಟ್ಟವಾಗಿ ಬದಲಾದದ್ದನ್ನು ಕಂಡ ಡೆವಾನಿ ಮತ್ತೆ ಆ ಕೋಣೆಯ ಬಗ್ಗೆ ಅನುಮಾನದ ಮಾತಾಡಲಿಲ್ಲ.

1973ರಲ್ಲಿ ಆಸ್ಬೋರ್ನ್ ಮುಖ್ಯ ತರಬೇತುದಾರರಾದರು. ಅದೇ ವರ್ಷ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆ ಒಂದು ಫುಟ್‌ಬಾಲ್ ತಂಡ 105ಕ್ಕಿಂತ ಹೆಚ್ಚು ವಿದ್ಯಾರ್ಥಿವೇತನ ಕೊಡುವಂತಿಲ್ಲ ಎಂಬ ಮಿತಿ ಹಾಕಿತು. 1978ರಲ್ಲಿ ಅದು 95ಕ್ಕೆ ಇಳಿಯಿತು, 1994ರ ಹೊತ್ತಿಗೆ 85ಕ್ಕೆ ಬಂತು. ಈ ನಿಯಮದ ಉದ್ದೇಶ ದೊಡ್ಡ ತಂಡಗಳ ಸಂಗ್ರಹಬುದ್ಧಿಗೆ ಕಡಿವಾಣ ಹಾಕುವುದಾಗಿತ್ತು. ಆದರೆ ನಿಯಮ ಮಿತಿ ಹಾಕಿದ್ದು ವೇತನಕ್ಕೆ, ತಂಡದ ತಲೆಗಳಿಗಲ್ಲ. ಶುಲ್ಕವನ್ನು ತಾವೇ ಕಟ್ಟಿಕೊಂಡು ಬರುವವರು ಎಷ್ಟು ಬೇಕಾದರೂ ಇರಬಹುದಿತ್ತು. ರಾಜ್ಯದ ಹುಡುಗನಿಗೆ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಶುಲ್ಕ ಕಡಿಮೆ, ಕೆಂಪು ಅಂಗಿಯ ಮೋಹ ಬಾಲ್ಯದಿಂದ ಬಂದದ್ದು. ಬೇರೆ ಸಣ್ಣ ಕಾಲೇಜು ಪೂರ್ತಿ ವೇತನ ಕೊಡುತ್ತೇನೆಂದರೂ ಬಿಟ್ಟು ಲಿಂಕನ್‌ಗೆ ಬರುವವರಿದ್ದರು. ಕೆಲವು ವರ್ಷ ತಂಡದ ಸಂಖ್ಯೆ 150ನ್ನು ದಾಟುತ್ತಿತ್ತು.

ಇಷ್ಟು ಜನರನ್ನು ಸೇರಿಸಿಕೊಳ್ಳುವುದು ಸುಲಭ, ಅವರಿಗೆ ಕೆಲಸ ಕೊಡುವುದು ಕಷ್ಟ. ನಮ್ಮ ಕ್ರೀಡಾ ಹಾಸ್ಟೆಲುಗಳಲ್ಲಿ ನೀವೂ ನೋಡಿರುತ್ತೀರಿ, ಅಭ್ಯಾಸದ ಹೊತ್ತಿನಲ್ಲಿ ಮುಖ್ಯ ಆಟಗಾರರು ಆಡುತ್ತಿದ್ದರೆ ಉಳಿದವರು ಗೆರೆಯ ಆಚೆ ಕೈಕಟ್ಟಿ ನಿಂತಿರುತ್ತಾರೆ. ಹಾಗೆ ನಿಂತವನು ಎರಡು ವರ್ಷ ಬಂದರೂ ಬಂದದ್ದೇ ಲಾಭ, ಕಲಿತದ್ದೇನೂ ಇರುವುದಿಲ್ಲ. ಆಸ್ಬೋರ್ನ್ ತಮ್ಮ ಮೈದಾನವನ್ನು ಹಂಚಿ, ಒಂದೇ ಹೊತ್ತಿಗೆ ನಾಲ್ಕು ಕಡೆ ಪೂರ್ಣ ಪ್ರಮಾಣದ ಅಭ್ಯಾಸ ನಡೆಸುತ್ತಿದ್ದರು. ಮೊದಲ ದರ್ಜೆಯವರು ಒಂದು ಕಡೆ ಒಂದು ಆಟವನ್ನು ಮಾಡುತ್ತಿರುವಾಗಲೇ ಮೂರನೆಯ, ನಾಲ್ಕನೆಯ ಸಾಲಿನವರು ಇನ್ನೊಂದು ಕಡೆ ಅದೇ ಆಟವನ್ನು, ಎದುರಾಳಿಗಳ ಸಮೇತ, ಅಷ್ಟೇ ವೇಗದಲ್ಲಿ ಮಾಡುತ್ತಿದ್ದರು. ಹೀಗೆ ನಾಲ್ಕನೆಯ ಸಾಲಿನ ವಾಕ್-ಆನ್ ಕೂಡ ವಾರಕ್ಕೆ ನೂರಾರು ಸಲ ಎದುರಿನವನಿಗೆ ಹೆಗಲು ಕೊಟ್ಟು ತಳ್ಳುವುದನ್ನು ಮಾಡಿರುತ್ತಿದ್ದ. ಇದಕ್ಕೆ ಜನ ಬೇಕು. ಜನರಿದ್ದರೆ ಮಾತ್ರ ಇಂಥ ಅಭ್ಯಾಸ, ಇಂಥ ಅಭ್ಯಾಸವಿದ್ದರೆ ಮಾತ್ರ ಜನರಿದ್ದು ಪ್ರಯೋಜನ.

ನಾನು ಹೇಳಬೇಕೆಂದುಕೊಂಡ ಮುಖ್ಯ ಮಾತಿಗೆ ಈಗ ಬರುತ್ತೇನೆ. ಈ ತಂಡದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವಾಕ್-ಆನ್‌ಗಳ ಕಥೆಯನ್ನು ಹಳ್ಳಿ ಹುಡುಗರ ನಿಷ್ಠೆಯ ಕಥೆಯಾಗಿ, ಭಾವುಕವಾಗಿ ಹೇಳುತ್ತಾರೆ. ನನಗೆ ಅದು ಒಂದು ಲೆಕ್ಕಾಚಾರದ ಕಥೆಯಾಗಿ ಕಾಣುತ್ತದೆ. ಫುಟ್‌ಬಾಲ್‌ಗೆ ಬೇಕಾದ ಗುಣಗಳಲ್ಲಿ ಎರಡು ಬಗೆ. 40 ಗಜದ ಓಟದಲ್ಲಿ ಕಾಣುವ ಶುದ್ಧ ವೇಗವನ್ನು ತಾಲೀಮಿನಿಂದ ಸ್ವಲ್ಪ ಮಾತ್ರ ಸುಧಾರಿಸಬಹುದು, ಅದರ ಬಹುಪಾಲು ಹುಟ್ಟಿನಿಂದ ಬಂದದ್ದು. ಬಲ ಹಾಗಲ್ಲ. 18ರ ಹರೆಯದಲ್ಲಿ ಎತ್ತರವಿದ್ದೂ ತೆಳ್ಳಗಿರುವ ರೈತರ ಹುಡುಗನಿಗೆ ಹೊಟ್ಟೆ ತುಂಬ ಊಟ, ಮೇಲುಸ್ತುವಾರಿ, ನಾಲ್ಕೈದು ವರ್ಷ ಕಾಲಾವಕಾಶ ಕೊಟ್ಟರೆ ಅವನು ಗುರುತು ಸಿಗದಷ್ಟು ಬದಲಾಗುತ್ತಾನೆ. ಆದ್ದರಿಂದ ವೇಗವನ್ನು ಹುಡುಕಿಕೊಂಡು ಹೊರಗೆ ಹೋಗಬೇಕು, ಬಲವನ್ನು ಮನೆಯಲ್ಲೇ ಬೆಳೆಸಿಕೊಳ್ಳಬಹುದು. ಕೊಡಲು ಕೆಲವೇ ವೇತನಗಳಿರುವ ತಂಡ ಅವುಗಳಲ್ಲಿ ಹೆಚ್ಚಿನದನ್ನು ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿ, ಫ್ಲಾರಿಡಾಗಳ ಓಟಗಾರರಿಗೆ ಮೀಸಲಿಟ್ಟು, ಅವರ ಮುಂದೆ ದಾರಿ ಬಿಡಿಸುವ ಗಟ್ಟಿಗರಲ್ಲಿ ಹಲವರನ್ನು ಊರ ಹುಡುಗರಿಂದಲೇ ತಯಾರಿಸಿಕೊಂಡರೆ, 15 ಲಕ್ಷ ಜನರ ರಾಜ್ಯವೂ ಕೋಟಿ ಜನರ ರಾಜ್ಯದ ಎದುರು ನಿಲ್ಲಬಹುದು. ಎಪ್ಲಿಯ ಕೋಣೆ ಇಲ್ಲದಿದ್ದರೆ ವಾಕ್-ಆನ್‌ಗಳು ಬರಿಯ ಗುಂಪಾಗಿರುತ್ತಿದ್ದರು. ಮೊದಲ ವರ್ಷ ಪಂದ್ಯವಾಡಿಸದೆ ಅಭ್ಯಾಸಕ್ಕೆ ಮಾತ್ರ ಇಳಿಸಿ, ಆಡುವ ಅರ್ಹತೆಯ ನಾಲ್ಕು ವರ್ಷಗಳನ್ನು ಐದಕ್ಕೆ ಹಂಚುವ ‘ರೆಡ್‌ಶರ್ಟ್’ ಕ್ರಮವನ್ನು ಆಸ್ಬೋರ್ನ್ ಧಾರಾಳವಾಗಿ ಬಳಸಿದ್ದು ಇದೇ ಕಾರಣಕ್ಕೆ. ಬಲ ಬೆಳೆಯಲು ಕಾಲ ಬೇಕು.

ಎಲ್ಲ ವಾಕ್-ಆನ್‌ಗಳೂ ಈ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಐಸಯ್ಯ ಮೋಸೆಸ್ ಹಿಪ್ ಎಂಬವನು ದೂರದ ದಕ್ಷಿಣ ಕೆರೊಲೈನಾದಿಂದ ಯಾರ ಆಹ್ವಾನವೂ ಇಲ್ಲದೆ ಬಂದಿಳಿದ ಓಟಗಾರ. 1977ರಲ್ಲಿ ಇಂಡಿಯಾನಾ ವಿರುದ್ಧ ಒಂದೇ ಪಂದ್ಯದಲ್ಲಿ 254 ಗಜ ಓಡಿದ. ಅವನ ಓಟ ಹುಟ್ಟಿನಿಂದ ಬಂದದ್ದು, ರಿಕ್ರೂಟಿಂಗ್‌ನವರ ಕಣ್ಣು ತಪ್ಪಿತ್ತು ಅಷ್ಟೆ. ನನ್ನ ಲೆಕ್ಕಕ್ಕೆ ಹೊಂದುವವರು ಫೇರ್‌ಮಾಂಟ್ ಎಂಬ ಪುಟ್ಟ ಊರಿನಿಂದ ವಾಕ್-ಆನ್ ಆಗಿ ಬಂದು 1980ರಲ್ಲಿ ದೇಶದ ಅತ್ಯುತ್ತಮ ರಕ್ಷಣಾ ಆಟಗಾರರ ಸಾಲಿಗೆ ಸೇರಿದ ಡೆರ್ರಿ ನೆಲ್ಸನ್, ಬ್ರೈನಾರ್ಡ್ ಎಂಬ ಇನ್ನೊಂದು ಹಳ್ಳಿಯಿಂದ ಬಂದು ಫುಲ್‌ಬ್ಯಾಕ್ ಸ್ಥಾನದಲ್ಲಿ ಆಡಿದ ಮಕೊವಿಕ ಸಹೋದರರು, ಇಂಡಿಯಾನಾದಿಂದ ವೇತನವಿಲ್ಲದೆ ಬಂದು 1990ರ ದಶಕದಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳ, ಎಂದರೆ ದಾಳಿಯನ್ನು ಮುನ್ನಡೆಸಿ ಚೆಂಡೆಸೆಯುವವರ, ನಿದ್ದೆ ಕೆಡಿಸಿದ ಜೇರೆಡ್ ಟಾಮಿಚ್. ಮಕೊವಿಕರು ಆಡಿದ ಫುಲ್‌ಬ್ಯಾಕ್ ಸ್ಥಾನವಂತೂ ಚೆಂಡಿಗಿಂತ ಹೆಚ್ಚಾಗಿ ಡಿಕ್ಕಿಯನ್ನೇ ಹೊರುವ ಸ್ಥಾನ, ಚಪ್ಪಾಳೆ ಕಡಿಮೆ, ನೋವು ಜಾಸ್ತಿ.

1980ರ ದಶಕದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ತಂಡ ಪ್ರತಿ ವರ್ಷ ಕನಿಷ್ಠ 9 ಪಂದ್ಯ ಗೆಲ್ಲುತ್ತಿತ್ತು, ಚಾಂಪಿಯನ್ ಆಗುತ್ತಿರಲಿಲ್ಲ. 1984ರ ಜನವರಿಯಲ್ಲಿ ಮಯಾಮಿ ವಿರುದ್ಧ ಡ್ರಾ ಮಾಡಿಕೊಂಡಿದ್ದರೆ ಪಟ್ಟ ಸಿಗಬಹುದಿತ್ತು, ಆಸ್ಬೋರ್ನ್ ಗೆಲುವಿಗೇ ಕೈಹಾಕಿ 31–30ರಿಂದ ಸೋತರು. 1987ರ ಋತುವಿನಿಂದ 1993ರ ಋತುವಿನವರೆಗೆ ಸತತ ಏಳು ಬೌಲ್ ಪಂದ್ಯಗಳಲ್ಲಿ ಸೋಲು, ಅವುಗಳಲ್ಲಿ ಆರು ಫ್ಲಾರಿಡಾ ಸ್ಟೇಟ್ ಮತ್ತು ಮಯಾಮಿ ಎಂಬ ಫ್ಲಾರಿಡಾದ ಎರಡೇ ತಂಡಗಳ ಕೈಯಲ್ಲಿ. ಬಲವಿತ್ತು, ವೇಗ ಸಾಲುತ್ತಿರಲಿಲ್ಲ. ಲೆಕ್ಕದ ಒಂದು ಕಡೆ ಮಾತ್ರ ತುಂಬಿತ್ತು. ಆಗ ಅವರು ರಕ್ಷಣೆಯ ವಿನ್ಯಾಸವನ್ನೇ ಬದಲಿಸಿ, ಹಿಂದಿನ ಸಾಲಿನಲ್ಲಿ ಆಡುತ್ತಿದ್ದ ಚುರುಕಿನವರನ್ನು ಮುಂದಕ್ಕೆ ತಂದು, ಬೇಕಾದ ಮಾಂಸಖಂಡವನ್ನು ಎಪ್ಲಿಯ ಕೋಣೆಯಲ್ಲಿ ಸೇರಿಸಿದರು. ಫ್ಲಾರಿಡಾಗೇ ಹೋಗಿ ಬ್ರೇಡೆಂಟನ್ ಊರಿನ ಟಾಮಿ ಫ್ರೇಜಿಯರ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಕರೆತಂದರು.

1994ರ ಜನವರಿ 1ರ ಪಂದ್ಯದಲ್ಲಿ ಫ್ಲಾರಿಡಾ ಸ್ಟೇಟ್ ವಿರುದ್ಧ 1 ನಿಮಿಷ 16 ಸೆಕೆಂಡ್ ಉಳಿದಿದ್ದಾಗ ನೆಬ್ರಾಸ್ಕ 16–15ರಿಂದ ಮುಂದಿತ್ತು, ಕೊನೆಗೆ 18–16ರಿಂದ ಸೋತಿತು. ಆ ಬೇಸಿಗೆಯ ತಾಲೀಮಿನ ಹೊತ್ತಿನಲ್ಲಿ ಖಾಲಿ ಕ್ರೀಡಾಂಗಣದ ಗಡಿಯಾರದಲ್ಲಿ 1:16 ಎಂಬ ಅಂಕಿಯನ್ನು ಉರಿಸಿಟ್ಟಿದ್ದರು. ಹುಡುಗರು ಅದರ ಕೆಳಗೆ ಓಡಿದರು. ಋತು ಆರಂಭವಾಗಿ ನಾಲ್ಕು ಪಂದ್ಯ ಮುಗಿಯುವಷ್ಟರಲ್ಲಿ ಫ್ರೇಜಿಯರ್‌ನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ಬದಲಿಗೆ ಬಂದ ಬ್ರೂಕ್ ಬೆರಿಂಜರ್‌ನ ಶ್ವಾಸಕೋಶ ಕುಸಿಯಿತು. ಅಕ್ಟೋಬರ್‌ನಲ್ಲಿ ಕ್ಯಾನ್ಸಸ್ ಸ್ಟೇಟ್ ವಿರುದ್ಧದ ಪಂದ್ಯವನ್ನು ಆರಂಭಿಸಿದವನು ವಾಹೂ ಎಂಬ ಊರಿನ ಮ್ಯಾಟ್ ಟರ್ಮನ್ ಎಂಬ ವಾಕ್-ಆನ್. ಅವನು ಆ ದಿನ ಮಾಡಬೇಕಿದ್ದುದು ಚೆಂಡನ್ನು ಬೀಳಿಸದೆ ಓಟಗಾರನ ಕೈಗೆ ಕೊಡುವುದು. ಮುಂದಿನ ಸಾಲಿನವರು ದಾರಿ ಬಿಡಿಸುತ್ತಾರೆಂಬ ಭರವಸೆ ಎಲ್ಲರಿಗೂ ಇತ್ತು. 17–6ರಿಂದ ಗೆದ್ದರು. ನಾಲ್ಕು ಕಡೆ ನಡೆಯುವ ಅಭ್ಯಾಸದಲ್ಲಿ ಹಿಂದಿನ ಸಾಲಿನವನೂ ಅದೇ ಆಟವನ್ನು ಸಾವಿರ ಸಲ ಆಡಿರುತ್ತಾನೆ ಎಂದೆನಲ್ಲ, ಅದರ ಫಲ ಕಂಡದ್ದು ಆ ದಿನ.

1995ರ ಜನವರಿ 1ರ ರಾತ್ರಿ, ಮಯಾಮಿಯ ಮನೆಯಂಗಳದಲ್ಲೇ ಆರೆಂಜ್ ಬೌಲ್. ಮೂರನೆಯ ಭಾಗದಲ್ಲಿ ಮಯಾಮಿ 17–7ರಿಂದ ಮುಂದಿತ್ತು. ಅವರ ರಕ್ಷಣೆಯ ನಡುಸಾಲು ಮೊದಲರ್ಧದಲ್ಲಿ ಅಲುಗಾಡಲಿಲ್ಲ. ನೆಬ್ರಾಸ್ಕ ಅದೇ ಸಾಲಿಗೆ ಮತ್ತೆ ಮತ್ತೆ ಡಿಕ್ಕಿ ಹೊಡೆಯಿತು. ನಾಲ್ಕನೆಯ ಭಾಗಕ್ಕೆ ಬರುವಾಗ ಮಯಾಮಿಯವರು ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರು, ಪ್ರತಿ ಯತ್ನದ ನಂತರ ಏಳುವುದು ನಿಧಾನವಾಗುತ್ತಿತ್ತು. ಆಗ ನೆಬ್ರಾಸ್ಕದ ಡಂಕನ್ ಎಂಬ ಹಳ್ಳಿಯ ಫುಲ್‌ಬ್ಯಾಕ್ ಕೋರಿ ಶ್ಲೆಸಿಂಜರ್ ಅದೇ ನಡುದಾರಿಯಲ್ಲಿ ನುಗ್ಗಿ ಒಮ್ಮೆ 15 ಗಜ, ಇನ್ನೊಮ್ಮೆ 14 ಗಜ ಓಡಿ ಎರಡು ಬಾರಿ ಗೆರೆ ದಾಟಿದ. 24–17. ಆಸ್ಬೋರ್ನ್ ಅವರಿಗೆ 22ನೆಯ ವರ್ಷದಲ್ಲಿ ಮೊದಲ ಪಟ್ಟ. 1995ರಲ್ಲಿ ಇನ್ನೊಂದು, 1997ರಲ್ಲಿ ಮಿಷಿಗನ್ ಜೊತೆ ಹಂಚಿಕೊಂಡ ಮತ್ತೊಂದು. ಕೊನೆಯ ಐದು ಋತುಗಳಲ್ಲಿ 60 ಗೆಲುವು, 3 ಸೋಲು.

ಇಷ್ಟೆಲ್ಲ ಹೊಗಳಿದ ಮೇಲೆ ಕಲೆಗಳನ್ನು ಮುಚ್ಚಿಡುವುದು ಸರಿಯಲ್ಲ. 1980ರ ದಶಕದಲ್ಲಿ ಅಮೆರಿಕದ ಹಲವು ಬಲಿಷ್ಠ ತಂಡಗಳ ಮೇಲೆ ಬಿದ್ದ ಸ್ಟೀರಾಯ್ಡ್‌ಗಳ ನೆರಳು ಈ ತಂಡದ ಮೇಲೂ ಬಿತ್ತು. 1995ರಲ್ಲಿ ಹಿಂದಿನ ಗೆಳತಿಯ ಮೇಲೆ ಹಲ್ಲೆ ಮಾಡಿದ ಪ್ರಮುಖ ಓಟಗಾರನೊಬ್ಬನನ್ನು ಅದೇ ಋತುವಿನಲ್ಲಿ ತಂಡಕ್ಕೆ ವಾಪಸು ತೆಗೆದುಕೊಂಡದ್ದು ಆಸ್ಬೋರ್ನ್ ಅವರ ಅತ್ಯಂತ ಟೀಕೆಗೊಳಗಾದ ತೀರ್ಮಾನ, ನನ್ನ ಮಟ್ಟಿಗೆ ತಪ್ಪು ತೀರ್ಮಾನ. ವಾಕ್-ಆನ್‌ಗಳ ವಿಷಯದಲ್ಲೂ ಒಂದು ಪ್ರಶ್ನೆ ಉಳಿಯುತ್ತದೆ. ಐದು ವರ್ಷ ಸ್ವಂತ ದುಡ್ಡಿನಲ್ಲಿ ಬಂದು, ಮುಖ್ಯ ಆಟಗಾರರ ಅಭ್ಯಾಸಕ್ಕೆ ಮೈ ಒಡ್ಡಿ, ಒಂದು ಪಂದ್ಯವನ್ನೂ ಆಡದೆ ಹೋದವರ ಸಂಖ್ಯೆ ಹೆಸರು ಮಾಡಿದವರಿಗಿಂತ ಬಹಳ ದೊಡ್ಡದು. ಅವರಲ್ಲಿ ಅನೇಕರು ಆ ವರ್ಷಗಳನ್ನು ಹೆಮ್ಮೆಯಿಂದ ನೆನೆಯುತ್ತಾರೆ ಎಂಬುದು ನಿಜ. ತುಂಬಿದ ಕ್ರೀಡಾಂಗಣದ ಗಳಿಕೆಯಲ್ಲಿ ಅವರಿಗೆ ಪಾಲಿರಲಿಲ್ಲ ಎಂಬುದೂ ನಿಜ.

ಗೆಲುವಿನ ಗುಟ್ಟನ್ನು ಎಪ್ಲಿ ಬಚ್ಚಿಡಲಿಲ್ಲ. 1978ರಲ್ಲಿ ಭಾರದ ತಾಲೀಮು ಕೊಡುವ 76 ಮಂದಿ ತರಬೇತುದಾರರನ್ನು ಲಿಂಕನ್‌ನಲ್ಲಿ ಸೇರಿಸಿ ಒಂದು ರಾಷ್ಟ್ರೀಯ ಸಂಘವನ್ನೇ ಹುಟ್ಟುಹಾಕಿದರು. ಬೆಂಗಳೂರಿನ ಜಿಮ್‌ಗಳಲ್ಲಿ, ಕ್ರೀಡಾ ಅಕಾಡೆಮಿಗಳಲ್ಲಿ ಕೆಲಸ ಮಾಡುವ ತರಬೇತುದಾರರ ಹೆಸರಿನ ಮುಂದೆ ಸಿಎಸ್‌ಸಿಎಸ್ ಎಂಬ ಅಕ್ಷರಗಳನ್ನು ನೀವು ನೋಡಿದ್ದರೆ, ಆ ಪ್ರಮಾಣಪತ್ರ ಕೊಡುವುದು ಅದೇ ಸಂಘ. ನಿಮ್ಮಲ್ಲಿ ಕೆಲವರು ಆ ಪರೀಕ್ಷೆಗೆ ಓದುತ್ತಿರಬಹುದು. ಸಂಘ ಬೆಳೆದಂತೆ ಪ್ರತಿ ವಿಶ್ವವಿದ್ಯಾಲಯದಲ್ಲೂ ಎಪ್ಲಿಯ ಕೋಣೆಯಂಥದ್ದು, ಅದಕ್ಕಿಂತ ದೊಡ್ಡದು ತಲೆಯೆತ್ತಿತು. ನೆಬ್ರಾಸ್ಕದ ಬಳಿ ಮಾತ್ರ ಇದ್ದದ್ದು ಎಲ್ಲರ ಬಳಿಯೂ ಆಯಿತು.

ಆಸ್ಬೋರ್ನ್ 255 ಗೆಲುವು, 49 ಸೋಲು, 3 ಡ್ರಾಗಳೊಂದಿಗೆ 1997ರ ಋತುವಿನ ಕೊನೆಗೆ ನಿವೃತ್ತರಾದರು. ಅವರ ಶಿಷ್ಯ ಫ್ರ್ಯಾಂಕ್ ಸೋಲಿಚ್ ಅವರನ್ನು 2003ರಲ್ಲಿ, ಗೆಲ್ಲುತ್ತಿರುವಾಗಲೇ ಕೆಲಸದಿಂದ ತೆಗೆದರು. ಹೊಸದಾಗಿ ಬಂದವರು ಚೆಂಡೆಸೆಯುವ ಆಟವನ್ನು ನೆಚ್ಚಿಕೊಂಡು, ದೇಶದೆಲ್ಲೆಡೆಯ ಹೆಸರಾಂತ ಹುಡುಗರ ಬೆನ್ನು ಹತ್ತಿ, ವಾಕ್-ಆನ್‌ಗಳ ಸಂಖ್ಯೆಯನ್ನು ಇಳಿಸಿದರು. 2004ರಲ್ಲಿ 5 ಗೆಲುವು, 6 ಸೋಲು. 1961ರ ನಂತರ ಗೆಲುವಿಗಿಂತ ಸೋಲು ಹೆಚ್ಚಾದ ಮೊದಲ ವರ್ಷ ಅದು. ಆಮೇಲೆ ಹಲವು ತರಬೇತುದಾರರು ಬಂದು ಹೋದರು. ಪತನಕ್ಕೆ ಒಂದೇ ಕಾರಣ ಹೇಳುವುದು ಸೋಮಾರಿತನ. ಆದರೆ ಹಳೆಯ ಲೆಕ್ಕ ನಿಂತಿದ್ದುದು ಕಾಲದ ಮೇಲೆ ಎಂಬುದನ್ನು ನೆನಪಿಡಿ. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬಹುದು, ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಬಹುದು. ಆಟಗಾರರಿಗೆ ಇದು ನ್ಯಾಯವೇ, ತಡವಾಗಿ ಬಂದ ನ್ಯಾಯ. ಆದರೆ ಮೂರು ವರ್ಷ ಮೈ ಬೆಳೆಸಿದ ಹುಡುಗ ನಾಲ್ಕನೆಯ ವರ್ಷ ಇನ್ನೊಬ್ಬರ ಅಂಗಿ ತೊಡಬಹುದಾದರೆ, ಬಲವನ್ನು ಮನೆಯಲ್ಲೇ ಬೆಳೆಸುವ ತಂಡ ಇನ್ನೊಬ್ಬರ ಹೊಲಕ್ಕೆ ನೀರು ಹಾಯಿಸಿದಂತಾಗುತ್ತದೆ.

2024ರ ಡಿಸೆಂಬರ್‌ನಲ್ಲಿ ನೆಬ್ರಾಸ್ಕ ತಂಡ ಬಾಸ್ಟನ್ ಕಾಲೇಜನ್ನು 20–15ರಿಂದ ಸೋಲಿಸಿ, 2016ರ ನಂತರ ಮೊದಲ ಬಾರಿ ಸೋಲಿಗಿಂತ ಹೆಚ್ಚು ಗೆಲುವು ಕಂಡಿತು. ಪಂದ್ಯ ನಡೆದದ್ದು ನ್ಯೂಯಾರ್ಕಿನ ಹೊಸ ಯಾಂಕೀ ಕ್ರೀಡಾಂಗಣದಲ್ಲಿ, 62 ವರ್ಷಗಳ ಹಿಂದೆ ಡೆವಾನಿಯವರ ಹುಡುಗರು ಚಳಿಯಲ್ಲಿ ಆಡಿದ ಹಳೆಯ ಕ್ರೀಡಾಂಗಣದ ನೆರೆಯಲ್ಲಿ. ಸುಮಾರು ಐದು ತಿಂಗಳ ನಂತರ, 2025ರ ಜೂನ್ 6ರಂದು, ಕ್ಯಾಲಿಫೋರ್ನಿಯಾದ ನ್ಯಾಯಾಲಯವೊಂದು ಎನ್‌ಸಿಎಎ ಮತ್ತು ಆಟಗಾರರ ನಡುವಿನ ಒಪ್ಪಂದಕ್ಕೆ ಅಂಕಿತ ಹಾಕಿತು. ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ವಿದ್ಯಾರ್ಥಿವೇತನಗಳ ಸಂಖ್ಯೆಗೆ ಮಿತಿಯಿಲ್ಲ. ಅದರ ಬದಲಿಗೆ ಈ ಬಾರಿ ಮಿತಿ ಬಿದ್ದದ್ದು ತಲೆಗಳಿಗೆ: ಒಂದು ಫುಟ್‌ಬಾಲ್ ತಂಡದಲ್ಲಿ 105 ಮಂದಿ, ವಿದ್ಯಾರ್ಥಿವೇತನ ಇರಲಿ ಇಲ್ಲದಿರಲಿ. ಈ ಮಿತಿಯ ಕಾರಣಕ್ಕೆ ಸ್ಥಾನ ಕಳೆದುಕೊಂಡ ಅಥವಾ ಕಳೆದುಕೊಳ್ಳಲಿದ್ದ ಹುಡುಗರನ್ನು, ಅವರ ಅರ್ಹತೆಯ ವರ್ಷಗಳು ಮುಗಿಯುವವರೆಗೆ ಆ ಲೆಕ್ಕದ ಹೊರಗಿಟ್ಟು ಉಳಿಸಿಕೊಳ್ಳಲು ನ್ಯಾಯಾಧೀಶರ ಒತ್ತಾಯದಿಂದ ಒಂದು ಪ್ರತ್ಯೇಕ ಪಟ್ಟಿಗೆ ಅವಕಾಶ ಸಿಕ್ಕಿತು. ಆ ಪಟ್ಟಿಗೆ ಹೊಸ ಹೆಸರುಗಳು ಸೇರುವುದಿಲ್ಲ. ಇದ್ದವರು ಒಬ್ಬೊಬ್ಬರಾಗಿ ಓದು ಮುಗಿಸಿ ಹೊರಟಂತೆ ಅದು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತ ಹೋಗುತ್ತದೆ.